ದಾನೇಲ ಸಾಹೇಬರ ಇನ್ನೊಂದು ಕೈ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ದೊಡ್ಡ ಮೊಳೆ ಇದೆ. ಅದಕ್ಕಿಂತ ಮೇಲೆ ಶರಣರ ಪಟಗಳು, ಕೆಳಗೆ ಮನೆಮಂದಿಯ ಚಪ್ಪಲಿಗಳು. ಎರಡರ ನಡುವೆ, ಯಾವ ಕಡೆಗೂ ಸೇರದೆ, ತೊಗಲಿನದೊಂದು ಕೈ ಜೋತುಬಿದ್ದಿದೆ. ಬೆರಳುಗಳು ಬಾಳೆಕಾಯಿಯಷ್ಟು ದಪ್ಪ, ಅಂಗೈ ಊಟದ ತಾಟಿನಷ್ಟು ಅಗಲ. ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಒಳಗೆ ಬರುತ್ತಾರೆ. ಹಾಲು ಹಾಕುವವನು ಇದನ್ನು ದೃಷ್ಟಿಯಾಗಬಾರದೆಂದು ಕಟ್ಟಿದ್ದೇವೆ ಅಂದುಕೊಂಡು, ತನ್ನ ಎಮ್ಮೆಗಳಿಗೂ ಇಂಥದೊಂದು ಬೇಕು, ಎಲ್ಲಿ ಸಿಗುತ್ತದೆ ಎಂದು ಕೇಳಿದ್ದ.

ಪ್ರತಿ ವರ್ಷ ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಹೊಡೆಯುವಾಗ ಅದು ಕೆಳಗಿಳಿಯುತ್ತದೆ. ನನ್ನ ಸೊಸೆ ಅದನ್ನು ಎರಡೇ ಬೆರಳಿನಿಂದ ಎತ್ತಿ ಹಿಡಿದು, "ಅತ್ತೀ, ಇದರ ಜೋಡಿ ಎಲ್ಲೈತ್ರಿ? ಸಿಕ್ಕರ ಎರಡೂ ಕೂಡಿಸಿ ಯಾರಿಗರ ಕೊಟ್ಟುಬಿಡೂಣು" ಎನ್ನುತ್ತಾಳೆ. "ಜೋಡಿ ದಾನೇಲ ಸಾಹೇಬ್ರ ಹತ್ರ ಐತಿ. ಅವರು ತಂದುಕೊಟ್ಟ ದಿನ ಕೊಡುವಂತಿ" ಎನ್ನುತ್ತೇನೆ ನಾನು. ಸಾಹೇಬರು ಶಿಗ್ಗಾಂವ ಬಿಟ್ಟು ಹೋಗಿ ಅವಳ ವಯಸ್ಸಿಗಿಂತ ಹೆಚ್ಚು ವರ್ಷಗಳಾದವು. ಈ ಸಲ ತೊಗಲಿಗೆ ಕೊಬ್ಬರಿ ಎಣ್ಣೆ ಸವರುತ್ತ ಕೂತಾಗ, ಇದರ ಕತೆಯನ್ನು ನಿಮಗಾದರೂ ಹೇಳಿಬಿಡೋಣ ಅನ್ನಿಸಿತು.

ಅದಕ್ಕೂ ಮೊದಲು ನನ್ನ ಕೈಯ ಸಂಗತಿ ಹೇಳಬೇಕು. ನಾನು ಎಡಚಿ. ಇವತ್ತಿಗೂ ನಾನು ರೊಟ್ಟಿ ಬಡಿದರೆ ಊರ ಹೆಂಗಸರ ರೊಟ್ಟಿಗಳೆಲ್ಲ ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರು ಇದನ್ನು ಕಂಡುಹಿಡಿದು, ತಾಟಿಗೆ ಬಿದ್ದ ರೊಟ್ಟಿಯನ್ನು ಒಂದು ಸುತ್ತು ತಿರುಗಿಸಿ, "ಹಾಂ, ಈಗ ಸರಿ ಆತು" ಎಂದು ತಿನ್ನುತ್ತಿದ್ದರು. ಅವರು ನಗಿಸಲಿಕ್ಕೆ ಹಾಗೆ ಮಾಡುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ನನ್ನ ಬಾಲ್ಯದಲ್ಲಿ ಇದು ನಗುವ ವಿಷಯವಾಗಿರಲಿಲ್ಲ.

ಅಪ್ಪನದು ಶಿಗ್ಗಾಂವದ ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ದುಂಡಸಿಯಲ್ಲಿ ಒಂದಿಷ್ಟು ಹೊಲವಿತ್ತು. ಮನೆಯಲ್ಲಿ ಅವ್ವ, ಅಪ್ಪ, ನಾನು, ಮತ್ತು ನಮ್ಮೆಲ್ಲರ ಮೇಲೆ ಆಯಿ, ಅಂದರೆ ಅಪ್ಪನ ತಾಯಿ. ಆಯಿ ಹಾನಗಲ್ಲ ಕಡೆಯವಳು. ತನ್ನ ತವರಿನಲ್ಲಿ ಏಳು ತಲೆಮಾರಿನಿಂದ ಒಬ್ಬ ಎಡಚನೂ ಹುಟ್ಟಿಲ್ಲ ಎಂದು ಅವಳು ಹೇಳುತ್ತಿದ್ದಳು. ಏಳು ತಲೆಮಾರಿನವರನ್ನು ಇವಳು ಯಾವಾಗ ನೋಡಿದಳು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಇದು ಅವ್ವನ ಕಡಿಂದ ಬಂದಿದ್ದು" ಎನ್ನುವುದು ಅವಳ ತೀರ್ಪು. ಅವ್ವನ ತವರು ಹಿರೇಕೆರೂರು. ಅಲ್ಲಿಯೂ ಎಡಚರು ಇರಲಿಲ್ಲ. ಆದರೆ ಅವ್ವ ವಾದಿಸುವವಳಲ್ಲ.

ಒಂದು ಸಲ ಬಾಗಿಲಿಗೆ ಭಿಕ್ಷಕ್ಕೆ ಬಂದ ಅಯ್ಯನವರಿಗೆ ನಾನು ಎಡಗೈಯಿಂದ ಜೋಳ ಹಾಕಲು ಹೋದೆ. ಅವರು ಬೆಚ್ಚಿ ಜೋಳಿಗೆ ಸರಿಸಿದರು. ಜೋಳವೆಲ್ಲ ಹೊಸ್ತಿಲ ಮೇಲೆ ಚೆಲ್ಲಿತು. ಅವತ್ತಿನಿಂದ ಆಯಿ ತನ್ನ ಹಳೆಯ ಇಳಕಲ್ಲ ಸೀರೆಯ ಅಂಚು ಹರಿದು, ನನ್ನ ಎಡಗೈಯನ್ನು ನಾನು ಉಟ್ಟ ಪರಕಾರದ ಸೊಂಟದ ಲಾಡಿಗೆ ಕಟ್ಟತೊಡಗಿದಳು. ಊಟಕ್ಕೆ ಕೂತಾಗ ಒಮ್ಮೆ, ಓದಲು ಕೂತಾಗ ಒಮ್ಮೆ. ಬಲಗೈಯಿಂದ ತಿಂದರೆ ಸಾರು ಮೊಣಕೈಗೆ ಇಳಿಯುತ್ತಿತ್ತು. "ಕಲಿತೀಯವ್ವ, ಕಲಿತೀ" ಎಂದು ಆಯಿ ಅದನ್ನು ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು. ಅವಳು ಕೆಟ್ಟವಳಲ್ಲ, ನೀವು ಹಾಗೆ ತಿಳಿಯಬೇಡಿ. ಮದುವೆಯಾಗುವ ಹುಡುಗಿ ಎಡಗೈಯಿಂದ ಬಡಿಸಿದರೆ ಬೀಗರು ಎದ್ದು ಹೋಗುತ್ತಾರೆ ಎಂಬ ಹೆದರಿಕೆ ಅವಳಿಗೆ ನಿಜವಾಗಿಯೂ ಇತ್ತು.

ನನ್ನ ಎಡಗೈಗೆ ಬಿಡುಗಡೆ ಸಿಗುತ್ತಿದ್ದುದು ದುಂಡಸಿಯ ಹೊಲದಲ್ಲಿ ಮಾತ್ರ. ಜೋಳ ಹಾಲುಗಾಳಾದಾಗ ಹಕ್ಕಿ ಕಾಯಲು ಹೋಗುತ್ತಿದ್ದೆವು. ಅಟ್ಟಣಿಗೆಯ ಮೇಲೆ ನಿಂತು ನಾನು ಒಗೆದ ಕಲ್ಲು ಹೊಲದ ಆಚೆ ಬದುವಿನ ಬೇವಿನ ಗಿಡಕ್ಕೆ ಮುಟ್ಟುತ್ತಿತ್ತು. ಗಿಳಿಗಳಿಗೆ ಎಡ ಯಾವುದು ಬಲ ಯಾವುದು ಎಂಬ ಚಿಂತೆ ಇರಲಿಲ್ಲ. ಹಾರಿಹೋಗುತ್ತಿದ್ದವು.

ಸಾಲೆಯಲ್ಲಿ ಪಾಟಿಯ ಮೇಲೆ ಬರೆಯುವವರೆಗೆ ಹೇಗೋ ನಡೆಯಿತು. ನಾಲ್ಕನೇ ಇಯತ್ತೆಗೆ ಬಂದಾಗ ಟಾಕು, ದೌತಿ, ಶಾಯಿ ಬಂದವು. ನಮ್ಮ ಲಿಪಿ ಎಡದಿಂದ ಬಲಕ್ಕೆ ಹೋಗುತ್ತದೆ. ಎಡಗೈಯವರ ಅಂಗೈ, ಈಗಷ್ಟೇ ಬರೆದ ಅಕ್ಷರಗಳ ಮೇಲೆ ಮುಂದೆ ಸಾಗುತ್ತದೆ. ನನ್ನ ಹಾಳೆಯಲ್ಲಿ ಅಕ್ಷರಗಳಿಗಿಂತ ನನ್ನ ಕೈಯ ಗುರುತೇ ಹೆಚ್ಚಿರುತ್ತಿತ್ತು. ಬಲಗೈಯಿಂದ ಬರೆದರೆ ಗೆದ್ದಲು ಹಿಡಿದಂತೆ ಕಾಣುತ್ತಿತ್ತು. ಮಾಸ್ತರರು ಅಂಗಡಿಗೇ ಬಂದು ಅಪ್ಪನಿಗೆ ಹೇಳಿದರು, "ಸಾವಕಾರ್ರ, ದೀಪಾವಳಿ ಸೂಟಿ ಮುಗಿಯೂದರಾಗ ಬಲಗೈಲೆ ಬರಿಯಾಕ ಕಲಸ್ರಿ. ಇಲ್ಲಂದ್ರ ಪರೀಕ್ಷಾಕ್ಕ ಕೂಡಿಸೂದು ನನ್ನ ಕಡಿಂದ ಆಗಂಗಿಲ್ಲ."

"ಕೂಡಸೂದು ಬ್ಯಾಡ ಬಿಡ್ರಿ," ಎಂದಳು ಆಯಿ, ಆ ಸಂಜೆ ವಿಷಯ ತಿಳಿದಾಗ. "ಹೆಣ್ಣುಹುಡಿಗಿ. ಹೆಸರು ಬರಿಯಾಕ ಬಂದೈತಿ, ಸಾಕು. ಮನ್ಯಾಗ ಕುಂತು ಬಲಗೈಲೆ ರೊಟ್ಟಿ ಬಡಿಯೂದು ಕಲೀಲಿ."

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಪ್ಪ ಏನೂ ಅನ್ನದಿದ್ದರೆ ನಮ್ಮ ಮನೆಯಲ್ಲಿ ಆಯಿ ಅಂದದ್ದೇ ಆಗುತ್ತಿತ್ತು. ನನಗೆ ಸಾಲೆ ಎಂದರೆ ಜೀವ. ಆ ರಾತ್ರಿಯಿಂದ ನಾನು ಎಡಗೈಯನ್ನು ದ್ವೇಷಿಸತೊಡಗಿದೆ. ಅದು ಬೇರೆ ಯಾರದೋ ಕೈ, ತಪ್ಪಿ ನನಗೆ ಬಂದಿದೆ ಅನ್ನಿಸುತ್ತಿತ್ತು.

ಇನ್ನು ದಾನೇಲ ಸಾಹೇಬರು. ಸವಣೂರ ರಸ್ತೆಯ ಬದಿಗೆ ಮಿಶನ್ನಿನವರದೊಂದು ದವಾಖಾನೆ ಇತ್ತು. ಅದಕ್ಕೆ ಅಮೇರಿಕೆಯಿಂದ ಬಂದವರು ಇವರು ಮತ್ತು ಇವರ ಹೆಂಡತಿ ಮೇರಿಬಾಯಿ. ಔಷಧ ಕೊಡುವುದು ಮೇರಿಬಾಯಿ. ಹುಲಗೂರು, ದುಂಡಸಿ ಎಂದು ಹಳ್ಳಿಹಳ್ಳಿಗೆ ಜೀಪು ಓಡಿಸುವುದು, ಅದು ಕೆಟ್ಟಾಗ ಅದರ ಕೆಳಗೆ ಮಲಗುವುದು ಸಾಹೇಬರು. "ಹೆಂಡ್ತಿ ದುಡಿತಾಳ, ಗಂಡ ಗಾಡಿ ಹೊಡಿತಾನ. ಎಂಥಾ ಪುಣ್ಯವಂತಳೋ" ಎನ್ನುತ್ತಿದ್ದಳು ಆಯಿ. ಸಾಹೇಬರಿಗೆ ನಮ್ಮ ಮಾತು ಬರುತ್ತಿತ್ತು. ಗೌರವಕ್ಕೆ 'ರಿ' ಹಚ್ಚಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ಅವರು ಅದನ್ನು ಯಾರಿಗೂ ತಪ್ಪಿಸುತ್ತಿರಲಿಲ್ಲ. ಜೀಪಿಗೆ ಅಡ್ಡ ಬಂದ ಎಮ್ಮೆಗೂ "ಸ್ವಲ್ಪ ಸರೀರಿ" ಎನ್ನುತ್ತಿದ್ದರು. ಇನ್ನೂ ಅಂಬೆಗಾಲಿಡುತ್ತಿದ್ದ ಅವರ ಮಗನ ಹೆಸರು ಟಾಮಿ. ಮೇರಿಬಾಯಿ ಜಗುಲಿಗೆ ಬಂದು ಟಾಮೀ ಎಂದು ಕೂಗಿದರೆ ಪೇಟೆಯ ಅರ್ಧ ನಾಯಿಗಳು ಕಿವಿ ನಿಮಿರಿಸುತ್ತಿದ್ದವು.

ಸಂಜೆಯಾದರೆ ಸಾಹೇಬರು ಎಡಗೈಗೆ ಒಂದು ತೊಗಲಿನ ದೊಡ್ಡ ಕೈಚೀಲ ಏರಿಸಿ, ಬಲಗೈಯಿಂದ ಬಿಳಿ ಚೆಂಡನ್ನು ಕಂಪೌಂಡಿನ ಗೋಡೆಗೆ ಒಗೆಯುತ್ತಿದ್ದರು. ಪುಟಿದು ಬಂದದ್ದನ್ನು ಆ ತೊಗಲಿನ ಕೈ ಟಪ್ಪೆಂದು ನುಂಗುತ್ತಿತ್ತು. ನಾವು ಹುಡುಗರು ಹುಡುಗಿಯರು ಸಾಲಾಗಿ ಕೂತು ನೋಡುತ್ತಿದ್ದೆವು. ಆಟದ ಹೆಸರು ಬೇಸ್‌ಬಾಲ್ ಎಂದು ಅವರು ಹೇಳಿದರು. ಕ್ರಿಕೆಟ್ಟಿನ ದಾಯಾದಿ ಇರಬೇಕೆಂದು ನಾವು ಅಂದುಕೊಂಡೆವು. ಭಾನುವಾರ ಮಾತ್ರ ಗೋಡೆಗೆ ರಜೆ. ಅವತ್ತು ಬೆಳಗ್ಗೆ ಹುಣಸೆ ಮರದ ಕೆಳಗೆ ಅವರ ಪ್ರಾರ್ಥನೆ, ಹಾಡು. ಸಂಜೆ ಟಾಮಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅವರು ಸುಮ್ಮನೆ ಅಡ್ಡಾಡುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ನನ್ನ ತಮ್ಮ ಹುಟ್ಟಿದ. ಮಧ್ಯಾಹ್ನ ಅವ್ವನಿಗೆ ಬೇನೆ ಶುರುವಾಗಿ, ಮಗು ಅಡ್ಡ ತಿರುಗಿದೆ, ಹುಬ್ಬಳ್ಳಿಗೆ ಒಯ್ಯಲೇಬೇಕು ಎಂದರು ಮೇರಿಬಾಯಿ. ಬಸ್ಸುಗಳು ಮಳೆಗೆ ಎಲ್ಲೆಲ್ಲೋ ನಿಂತಿದ್ದವು. ಸಾಹೇಬರು ಜೀಪಿನ ಹಿಂದೆ ಹಾಸಿಗೆ ಹಾಸಿ, ಅವ್ವನನ್ನು ಮಲಗಿಸಿಕೊಂಡು ಹೊರಟರು. ತಗ್ಗು ಬಂದಲ್ಲೆಲ್ಲ ಇಳಿದು ಮೊದಲು ತಾವೇ ನೀರಿನಲ್ಲಿ ನಡೆದು ನೋಡಿ, ಆಮೇಲೆ ಜೀಪು ಇಳಿಸುತ್ತಿದ್ದರಂತೆ. ದಾರಿಯುದ್ದಕ್ಕೂ ಅವರು ಏಸುಸ್ವಾಮಿಯ ಹಾಡು, ಅಪ್ಪ ಓಂ ನಮಃ ಶಿವಾಯ. ತಾಯಿ ಮಗು ಇಬ್ಬರೂ ಉಳಿದರು. ಅವತ್ತು ಕಾಪಾಡಿದವನು ಏಸುವೋ ಶಿವನೋ ಎಂದು ಲೆಕ್ಕ ಹಾಕಲು ನಮ್ಮ ಮನೆಯಲ್ಲಿ ಯಾರೂ ಹೋಗಲಿಲ್ಲ. ಇಬ್ಬರಿಗೂ ಕೈ ಮುಗಿದೆವು.

ಅವತ್ತಿನಿಂದ ಅಪ್ಪನಿಗೆ ಒಂದೇ ಚಿಂತೆ, ಸಾಹೇಬರಿಗೆ ಏನಾದರೂ ಕೊಡಬೇಕು. ಧೋತರ ಒಯ್ದರೆ ನಗುತ್ತಾ ವಾಪಸು ಕೊಟ್ಟರು. ತುಪ್ಪ ಒಯ್ದರೆ ದವಾಖಾನೆಯ ಬಾಣಂತಿಯರಿಗೆ ಹಂಚಿದರು. "ಎಲ್ಲಾನೂ ಒಲ್ಲೆ ಅಂದ್ರ ಹೆಂಗ್ರಿ?" ಎಂದು ಅಪ್ಪ ನೊಂದುಕೊಂಡರು. ಸಂಜೆ ಅಂಗಡಿ ಕಟ್ಟೆಯ ಮೇಲೆ ಬಂದು ಕೂತು ಹೋಗಿರಿ ಸಾಕು ಎಂದು ಕಡೆಗೆ ಒಪ್ಪಂದವಾಯಿತು. ಸಾಹೇಬರು ತಮ್ಮ ಕತೆ ಹೇಳಿದ್ದು ಆ ಕಟ್ಟೆಯ ಮೇಲೆ, ಚುರುಮುರಿ ತಿನ್ನುತ್ತ. ನಾನು ಅಪ್ಪನ ಪಕ್ಕದಲ್ಲಿ ಕೂತಿದ್ದೆ.

ಅವರು ತಮ್ಮ ದೇಶದಲ್ಲಿ ಆಟ ಆಡಿ ಪಗಾರ ತೆಗೆದುಕೊಳ್ಳುತ್ತಿದ್ದರಂತೆ.

"ಆಡಾಕ ಪಗಾರ ಕೊಡ್ತಾರ್ರಿ?" ಎಂದರು ಅಪ್ಪ, ಬಾಯಿಗೆ ಹಾಕಬೇಕಾದ ಚುರುಮುರಿಯನ್ನು ಕೈಯಲ್ಲೇ ಹಿಡಿದುಕೊಂಡು.

"ಕೊಡ್ತಾರ್ರಿ. ಮಂದಿ ರೊಕ್ಕ ಕೊಟ್ಟು ನೋಡ್ತಾರ್ರಿ. ಆಯ್ತವಾರ ಮಂದಿ ಭಾಳ. ಅದಕ್ಕ ಆಯ್ತವಾರ ಆಟ ದೊಡ್ಡದು."

ಅವರ ಅಪ್ಪ ಗೋವಿನಜೋಳ ಬೆಳೆಯುವ ರೈತ, ಚರ್ಚಿನ ಹಿರಿಯ. ಮಗನಿಗೆ ಚೆಂಡು ಹಿಡಿಯಲು ಕಲಿಸಿದವನೂ ಅವನೇ, ಕಣದಲ್ಲಿ, ಸುಗ್ಗಿ ಮುಗಿದ ಮೇಲೆ. ಮಗ ದೊಡ್ಡ ತಂಡಕ್ಕೆ ಸೇರುವ ದಿನ ಹೊಸ ಕೈಚೀಲ ಕೊಡಿಸಿ ಒಂದು ಮಾತು ಹೇಳಿದನಂತೆ. ಅದನ್ನು ಸಾಹೇಬರು ನಮ್ಮ ಮಾತಿನಲ್ಲಿ ಹೀಗೆ ಹೇಳಿದರು: "ಆರು ದಿನಾ ಈ ತೋಳು ನಿಂದು. ಏಳನೇ ದಿನಾ ಇದನ್ನ ಕೊಟ್ಟಾವಂದು." ಮಗ ಆ ಮಾತು ಹಿಡಿದ. ಭಾನುವಾರ ಆಡುವುದಿಲ್ಲ ಎಂದ. ತಂಡದವರು ಕೆಲವು ದಿನ ಸಹಿಸಿದರು, ಆಮೇಲೆ ಮನೆಗೆ ಹೋಗು ಎಂದರು. ಊರವರು ಹುಚ್ಚ ಎಂದರು. ನರ್ಸು ಕಲಿಯುತ್ತಿದ್ದ ಮೇರಿಬಾಯಿ ಮಾತ್ರ ಹಾಗನ್ನದೆ, ನನ್ನ ಜೊತೆ ದೂರದ ದೇಶಕ್ಕೆ ಬರುತ್ತೀಯಾ ಎಂದು ಕೇಳಿದರಂತೆ.

"ಸಂಕಟ ಆಗಲಿಲ್ರಿ?" ಎಂದು ಕೇಳಿದರು ಅಪ್ಪ.

"ಆತ್ರಿ. ಈಗೂ ಸಂಜೀಕ ಆಗತೈತ್ರಿ. ಅದಕ್ಕ ಗ್ವಾಡಿ ಜೋಡಿ ಆಡ್ತೇನ್ರಿ," ಎಂದು ಸಾಹೇಬರು ನಕ್ಕರು. ಅಪ್ಪ ನಗಲಿಲ್ಲ. ಮನೆಗೆ ಬಂದ ಮೇಲೆ ಆಯಿಗೆ ಅದನ್ನೆಲ್ಲ ಹೇಳಿದರು. "ಪಗಾರ ಬಿಟ್ಟು ಈ ಧೂಳಾಗ ಬಂದಾನ ಅಂದ್ರ ಶರಣನ ಬಿಡು," ಎಂದಳು ಆಯಿ. ಅವಳ ಬಾಯಿಂದ ಅಂಥ ಮಾತು ಸಿಗುವುದು ಸುಲಭವಿರಲಿಲ್ಲ.

ದಸರೆಯ ಸುಮಾರಿಗೆ ಸಾಹೇಬರ ಕೈಚೀಲದ ತೊಗಲಿನ ದಾರ ಹರಿಯಿತು. ಅಪ್ಪ ಕಾಯುತ್ತಿದ್ದದ್ದು ಇಂಥದಕ್ಕೇ. "ಕೊಡ್ರಿ ಇಲ್ಲೆ" ಎಂದು ಕಸಿದುಕೊಂಡವರೇ ಮರುದಿನ ನನ್ನನ್ನೂ ಕರೆದುಕೊಂಡು ಸವಣೂರಿಗೆ ಹೊರಟರು. ಸವಣೂರಿಗೆ ಹೋಗುವುದೆಂದರೆ ವೀಳ್ಯದೆಲೆ ಮತ್ತು ಕುರುಕಲು ಖಾರ ತರಲಿಕ್ಕೇ ಎಂದು ನಂಬಿದ್ದ ನನಗೆ, ಅಲ್ಲೊಬ್ಬ ಜೀನಗಾರ ಇದ್ದಾನೆಂದು ತಿಳಿದದ್ದು ಅವತ್ತು. ಅವನ ಹಿರಿಯರು ನವಾಬರ ಕುದುರೆಗಳಿಗೆ ಜೀನು ಹೊಲಿದವರು. ಈಗ ಕುದುರೆಗಳಿಲ್ಲದೆ ಅವನು ಚೀಲ, ಪಟ್ಟಿ, ಎತ್ತಿನ ಕೊರಳಿಗೆ ಗೆಜ್ಜೆಯ ಸರ ಹೊಲಿಯುತ್ತಿದ್ದ.

ಕೈಚೀಲವನ್ನು ತಿರುಗಿಸಿ ನೋಡಿ ಅವನು ಕೇಳಿದ್ದು ಒಂದೇ ಮಾತು. "ಇದರ ಜೋಡಿ ಎಲ್ಲೈತ್ರಿ?"

ಅಪ್ಪನ ಮುಖ ಬೆಳಗಿತು. ವ್ಯಾಪಾರಸ್ಥರಿಗೆ ಜಗತ್ತೆಲ್ಲ ಜೋಡಿಜೋಡಿಯಾಗಿಯೇ ಕಾಣುತ್ತದೆ. ಎತ್ತು, ಚಪ್ಪಲಿ, ಪಾಟಲಿ, ತಕ್ಕಡಿಯ ತಟ್ಟೆ. ಸಾಹೇಬರಿಗೆ ಕೈ ಎರಡು, ಕೈಚೀಲ ಒಂದು. ಅಂದರೆ ಇನ್ನೊಂದು ಎಲ್ಲೋ ಹಡಗಿನಲ್ಲೋ ರೈಲಿನಲ್ಲೋ ಕಳೆದಿದೆ. ಪಾಪ, ಸಂಕೋಚದ ಮನುಷ್ಯ, ಹೇಳಿಕೊಂಡಿಲ್ಲ. ಇಷ್ಟು ದಿನ ಒಂದು ಕೈ ಬರಿದಾಗಿಟ್ಟುಕೊಂಡೇ ಆಡುತ್ತಿದ್ದಾರೆ.

"ಕಳದೈತಿ ಮಾರಾಯಾ," ಎಂದರು ಅಪ್ಪ. "ನೀ ಮಾಡಿಕೊಡು. ಇದರಂಗ ಇರಬೇಕು, ಬಲಗೈಯದು. ಕಣ್ಣಿಗೆ ಫರಕು ಕಾಣಬಾರದು."

ನಾನೂ ಅದನ್ನೇ ನಂಬಿದೆ. ಜೀನಗಾರನೂ ನಂಬಿದ. ಮೂವರಲ್ಲಿ ಒಬ್ಬರಿಗಾದರೂ, ಎರಡೂ ಕೈಗೆ ಇದನ್ನು ಹಾಕಿಕೊಂಡರೆ ಚೆಂಡು ಒಗೆಯುವುದು ಹೇಗೆ ಎಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಕೃತಜ್ಞತೆ ತಲೆಗೇರಿದಾಗ ಸಣ್ಣಪುಟ್ಟ ವಿಚಾರಗಳು ಹೊರಗೇ ನಿಲ್ಲುತ್ತವೆ. ಬರುವಾಗ ಅಪ್ಪ ದಾರಿಯುದ್ದಕ್ಕೂ ಖಾರ ತಿನ್ನುತ್ತ ಹಾಡು ಗುಣುಗಿದರು.

ಜೀನಗಾರ ಒಂದು ವಾರ ಸತಾಯಿಸಿದರೂ ಕೆಲಸ ಅಪ್ಪಟವಾಗಿ ಮಾಡಿದ್ದ. ಒಂದು ಕನ್ನಡಿಯ ಈಚೆಗಿದ್ದರೆ ಇನ್ನೊಂದು ಆಚೆಗಿದ್ದಂತೆ ಎರಡೂ ಇದ್ದವು. ಸಾಹೇಬರ ದೇವರ ದಿನವೇ ಒಳ್ಳೆಯ ದಿನ ಎಂದು ಅಪ್ಪ ಭಾನುವಾರ ಪ್ರಾರ್ಥನೆ ಮುಗಿಯುವುದನ್ನು ಕಾದು, ಪೇಟ ಸುತ್ತಿಕೊಂಡು, ತಾಟಿನಲ್ಲಿ ಎರಡನ್ನೂ ಇಟ್ಟು, ಮೇಲೆ ಹೂ ಹಾಕಿ ಒಯ್ದರು.

ಸಾಹೇಬರು ನೋಡಿದರು. ಮೇರಿಬಾಯಿ ಸಾಹೇಬರನ್ನು ನೋಡಿದರು. ಮೇರಿಬಾಯಿಯವರ ತುಟಿ ಅದುರಿತು, ಅವರು ತಟ್ಟನೆ ಟಾಮಿಯ ಮೂಗು ಒರೆಸಲು ಬಗ್ಗಿದರು. ಸಾಹೇಬರು ಮಾತ್ರ ಎರಡೂ ಕೈಗೆ ಎರಡನ್ನೂ ಏರಿಸಿಕೊಂಡು, ಏಡಿಯ ಹಾಗೆ ಎತ್ತಿ ಹಿಡಿದು, "ಭಾಳ ಚಂದ ಐತ್ರಿ ಸಾವಕಾರ್ರ. ಭಾಳ ಚಂದ ಐತ್ರಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅವತ್ತು ನಮಗೆ ಅವರ ಮನೆಯಲ್ಲೇ ಹಣ್ಣು, ಹಾಲು. ತಿನ್ನುವ ಮೊದಲು ಮೇಜಿನ ಸುತ್ತ ಕೂತವರೆಲ್ಲ ಕೈಕೈ ಹಿಡಿದು ಕಣ್ಣು ಮುಚ್ಚಬೇಕು, ಅದು ಅವರ ಪದ್ಧತಿ. ನನ್ನ ಎಡಕ್ಕೆ ಮೇರಿಬಾಯಿ. ನಾನು ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅವರು ಅದನ್ನು ಹುಡುಕಿ ತೆಗೆದು, ತಮ್ಮ ಅಂಗೈಯಲ್ಲಿಟ್ಟುಕೊಂಡು, ಅದರ ಮೇಲಿನ ಶಾಯಿಯ ಕಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕುತ್ತಲೇ ಪ್ರಾರ್ಥನೆ ಹೇಳಿದರು. ಒಂದು ಮಾತೂ ನನಗೆ ತಿಳಿಯಲಿಲ್ಲ. ಆದರೆ ಆ ಕೈಯನ್ನು ಯಾರಾದರೂ ತಾವಾಗಿ ಹಿಡಿದದ್ದು ಅದೇ ಮೊದಲು. ನನಗೆ ಅಳು ಬಂತು.

ಮರುದಿನದಿಂದ ನಡೆದದ್ದನ್ನು ನೆನೆದರೆ ಇವತ್ತಿಗೂ ನಗುತ್ತೇನೆ. ಸಂಜೆ ಅಂಗಡಿ ಮುಚ್ಚಿ ಅಪ್ಪ ಕಂಪೌಂಡಿನ ಮುಂದೆ ಹಾಯ್ದುಹೋಗುವ ಹೊತ್ತಿಗೆ ಸರಿಯಾಗಿ ಸಾಹೇಬರು ಎರಡೂ ಕೈಗೆ ಕೈಚೀಲ ಹಾಕಿಕೊಂಡು ಅಂಗಳದಲ್ಲಿರುತ್ತಿದ್ದರು. ಒಗೆಯುವುದಂತೂ ಸಾಧ್ಯವಿಲ್ಲ. ಚೆಂಡನ್ನು ಎರಡು ಬೊಗಸೆಗಳ ನಡುವೆ ಹಿಡಿದು ಗೋಡೆಯ ಕಡೆಗೆ ತಳ್ಳುತ್ತಿದ್ದರು, ಅದು ಉರುಳಿಕೊಂಡು ಹೋಗಿ ಉರುಳಿಕೊಂಡು ಬರುತ್ತಿತ್ತು. ಪಗಾರ ತೆಗೆದುಕೊಂಡು ಆಡಿದ ಮನುಷ್ಯ ಟಾಮಿಯ ಹಾಗೆ ಆಡುತ್ತಿದ್ದರು. "ಹೆಂಗ ಐತ್ರೀ?" ಎಂದು ಅಪ್ಪ ಹೊರಗಿನಿಂದಲೇ ಕೂಗಿದರೆ, "ಈಗ ಆಟ ಪೂರಾ ಆತ್ರಿ!" ಎಂದು ಉತ್ತರ ಕೊಡುತ್ತಿದ್ದರು.

ದೀಪಾವಳಿ ಸೂಟಿ ಮುಗಿಯಲು ಬಂದಿತ್ತು. ಹಗಲೆಲ್ಲ ಎಡಗೈ ಕಟ್ಟಿಸಿಕೊಂಡು ಬಲಗೈಯಿಂದ ಗೆದ್ದಲಕ್ಷರ ಬರೆದು ಬರೆದು, ಒಂದು ಸಂಜೆ ನಾನು ಗಂಟು ಬಿಚ್ಚಿಕೊಂಡು ಕಂಪೌಂಡಿಗೆ ಓಡಿದೆ. ನನಗೆ ಸಾಲೆ ತಪ್ಪುವುದು ಖಾತ್ರಿಯಾಗಿತ್ತು. ಅಪ್ಪನೂ ಅಲ್ಲೇ ಗೇಟಿನ ಹತ್ತಿರ ನಿಂತಿದ್ದರು. ಸಾಹೇಬರು ತಳ್ಳಿದ ಚೆಂಡು ಉರುಳುತ್ತ ಬಂದು ನನ್ನ ಕಾಲ ಬಳಿ ನಿಂತಿತು. "ಕೊಡ್ರಿ ನೀಲವ್ವಾ" ಎಂದರು ಸಾಹೇಬರು. ನನಗೆ ಯಾರ ಮೇಲೆ ಸಿಟ್ಟಿತ್ತೋ ಗೊತ್ತಿಲ್ಲ. ಎತ್ತಿಕೊಂಡು, ದುಂಡಸಿಯ ಅಟ್ಟಣಿಗೆಯ ಮೇಲಿಂದ ಒಗೆದ ಹಾಗೆ, ಎಡಗೈಯಿಂದ ಬೀಸಿ ಒಗೆದೆ.

ಅದು ಸಾಹೇಬರ ಎದೆಯ ಮಟ್ಟಕ್ಕೆ ನೆಟ್ಟಗೆ ಹೋಯಿತು. ಟಪ್ಪೆಂಬ ಸದ್ದಿಗೆ ಹುಣಸೆ ಮರದ ಕಾಗೆಗಳು ಎದ್ದವು. ಸಾಹೇಬರು ಚೆಂಡನ್ನು ನೋಡಿದರು, ನನ್ನನ್ನು ನೋಡಿದರು. ಮೆಲ್ಲಗೆ ಇನ್ನೊಂದು ಸಲ ಉರುಳಿಸಿದರು. "ಮತ್ತೊಮ್ಮೆ ಒಗೀರಿ." ಒಗೆದೆ. ಮತ್ತೂ ಒಗೆದೆ.

ಆಗ ಅವರು ಜೀನಗಾರ ಹೊಲಿದ ಕೈಚೀಲವನ್ನು ಬಿಚ್ಚಿ ತಂದು ನನ್ನ ಬಲಗೈಗೆ ಏರಿಸಿದರು. ನನ್ನ ಬೆರಳುಗಳು ಅದರ ಅರ್ಧಕ್ಕೂ ಮುಟ್ಟಲಿಲ್ಲ. ಆದರೆ ಸರಿಯಾದ ಕೈಗೆ ಸರಿಯಾದ ಚೀಲ ಬಂದಿತ್ತು. ಬಲಗೈಯಿಂದ ಹಿಡಿಯುವುದು, ಎಡಗೈಯಿಂದ ಒಗೆಯುವುದು. "ಸಾವಕಾರ್ರ," ಎಂದು ಅವರು ಅಪ್ಪನ ಕಡೆ ತಿರುಗಿದರು. "ನಮ್ಮ ಕಡೆ ಎಡಗೈಲೆ ಒಗಿಯೂವ್ರನ್ನ ಊರೂರು ತಿರುಗಿ ಹುಡುಕ್ತಾರ್ರಿ. ಸಿಕ್ಕರ ಬಿಡಂಗಿಲ್ರಿ. ನೀವು ಈ ಕೈ ಕಟ್ಟಿ ಇಟ್ಟೀರಂತಲ್ರಿ?"

ನನ್ನ ಮಣಿಕಟ್ಟಿನ ಮೇಲೆ ಸೀರೆಯಂಚಿನ ಕೆಂಪು ಗುರುತು ಇನ್ನೂ ಇತ್ತು. ಅಪ್ಪ ಅವರನ್ನು ಮನೆಗೆ ಕರೆದುಕೊಂಡು ಬಂದರು. ಪಡಸಾಲೆಯಲ್ಲಿ ಆಯಿ ತೊಟ್ಟಿಲು ತೂಗುತ್ತ ಕೂತಿದ್ದಳು. ಸಾಹೇಬರು ನೆಲದ ಮೇಲೆ, ಕಾಲು ಎಲ್ಲಿಡಬೇಕೆಂದು ತಿಳಿಯದೆ, ಕಂಬಳಿಯ ತುಂಬ ಹರಡಿಕೊಂಡು ಕೂತರು.

"ಕೈ ಕೊಟ್ಟಾಂವ ಶಿವ, ನಾ ಇಲ್ಲ ಅನ್ನಂಗಿಲ್ಲ," ಎಂದಳು ಆಯಿ, ಎಲ್ಲ ಕೇಳಿದ ಮೇಲೆ. "ಆದರ ಎಡಗೈ ಎಡಗೈನ ಅಲ್ಲೇನ್ರಿ ಸಾಹೇಬ್ರ? ಒಳ್ಳೆ ಕೆಲಸಕ್ಕ ಆಗೂದಲ್ಲದು."

ತಮ್ಮ ಹುಟ್ಟಿದ ಮರುದಿನ ಬೆಳಗ್ಗೆ ಹುಬ್ಬಳ್ಳಿಯ ಆಸ್ಪತ್ರೆಯ ಜಗುಲಿಯಲ್ಲಿ ಅಪ್ಪ ಲಿಂಗಪೂಜೆಗೆ ಕೂತಾಗ ಸಾಹೇಬರು ಪಕ್ಕದಲ್ಲೇ ಇದ್ದರಂತೆ. ನೋಡಬಾರದೇನೋ ಎಂದು ಮುಖ ತಿರುಗಿಸಿದ್ದರಂತೆ, ಆದರೂ ಕಂಡಿತ್ತು. ಅವರು ತುಂಬ ಸಂಕೋಚದಿಂದ ಕೇಳಿದರು.

"ನಂದು ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೊಳ್ರಿ. ಪೂಜಾದಾಗ ಸಾವಕಾರ್ರು ದೇವರನ್ನ ಯಾವ ಕೈಯಾಗ ಕುಂದ್ರಸ್ತಾರ್ರಿ?"

ಅಪ್ಪ ತಮ್ಮ ಎಡ ಅಂಗೈಯನ್ನು ಬಿಡಿಸಿ, ಮೊದಲ ಸಲ ನೋಡುವವರ ಹಾಗೆ ನೋಡಿದರು. ಹುಟ್ಟಿದಾಗಿನಿಂದ ನಮ್ಮ ಮನೆತನದವರೆಲ್ಲ ದಿನ ಬೆಳಗಾದರೆ ಇಷ್ಟಲಿಂಗವನ್ನು ಇಟ್ಟುಕೊಂಡು ಪೂಜಿಸುತ್ತ ಬಂದದ್ದು ಎಡಗೈಯಲ್ಲಿ. ಬಲಗೈ ಹೂ ಏರಿಸುತ್ತದೆ, ಅಷ್ಟೇ. ಆಯಿಯ ತೊಟ್ಟಿಲ ಹಗ್ಗ ನಿಂತಿತು. ಅವಳೂ ತನ್ನ ಎಡಗೈಯನ್ನು ಮಡಿಲಿನಲ್ಲಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಮಣಿಕಟ್ಟಿನ ಮೇಲೆ ಕೊಬ್ಬರಿ ಎಣ್ಣೆ ಸವರಿದಳು. "ನನಗಾರ ಹೊಳಿಬಾರದ," ಎಂದಳು, ಯಾರಿಗೆಂದಿಲ್ಲದೆ.

ಸೂಟಿ ಮುಗಿದ ದಿನ ಅಪ್ಪ ಪೇಟ ಸುತ್ತಿಕೊಂಡು ಸಾಲೆಗೆ ಬಂದರು. "ಮಾಸ್ತರ್ರ, ನನ್ನ ಮಗಳು ಎಡಗೈಲೆ ಬರಿತಾಳ. ಹಾಳಿ ಹೊಲಸಾದ್ರ ಹೊಸಾ ಹಾಳಿ ನಾ ಕೊಡ್ತೇನಿ" ಎಂದರು. ಪೇಟೆಯ ಸಾವಕಾರರು ಎದುರಿಗೆ ನಿಂತದ್ದಕ್ಕೋ ಏನೋ ಮಾಸ್ತರರು ಒಪ್ಪಿದರು. ಆಮೇಲೆ ಅವರೇ ಹಾಳೆಯನ್ನು ಓರೆ ಇಟ್ಟುಕೊಂಡರೆ ಶಾಯಿ ಮೆತ್ತುವುದಿಲ್ಲ ಎಂದು ಹೇಳಿಕೊಟ್ಟರು. ನಾನು ಪರೀಕ್ಷೆಗೆ ಕೂತೆ. ಮುಂದೆ ಏಳನೆಯದರ ಮುಲ್ಕಿ ಪರೀಕ್ಷೆಗೂ ಕೂತೆ, ಧಾರವಾಡಕ್ಕೂ ಹೋದೆ, ಮಾಸ್ತರಿಕೆಯನ್ನೇ ಮಾಡಿದೆ. ಇದನ್ನು ಬರೆಯುತ್ತಿರುವುದೂ ಅದೇ ಕೈ, ಹಾಳೆ ಓರೆಯಾಗಿಯೇ ಇದೆ.

ಕೆಲವು ವರ್ಷಗಳ ಮೇಲೆ ಸಾಹೇಬರ ಅಪ್ಪ ಹಾಸಿಗೆ ಹಿಡಿದದ್ದರಿಂದ ಸಾಹೇಬರು ಸಂಸಾರ ಸಮೇತ ಊರಿಗೆ ಹೊರಟರು. ಹೋಗುವ ದಿನ ಸಾಹೇಬರು ತಮ್ಮ ಹಳೆಯ ಕೈಚೀಲವನ್ನು ಪೆಟ್ಟಿಗೆಗೆ ಹಾಕಿ, ಜೀನಗಾರನದನ್ನು ನನ್ನ ಕೈಗಿತ್ತರು. ತೊಗಲಿನದು ದೇವರ ಪಟದ ಹತ್ತಿರ ಬೇಡ ಎಂದಳು ಆಯಿ. ಚಪ್ಪಲಿಯ ಹತ್ತಿರವಂತೂ ಬೇಡವೇ ಬೇಡ ಎಂದರು ಅಪ್ಪ. ಹಾಗೆ ನಡುವೆ ಮೊಳೆ ಬಡಿದದ್ದು. ಅಪ್ಪನ ನಂತರ ಅದು ನನ್ನ ಮನೆಗೆ ಬಂದಾಗ ಇಲ್ಲಿಯೂ ನಡುವೆಯೇ ಮೊಳೆ ಬಡಿದೆವು.

ನಾನು ನೌಕರಿಗೆ ಸೇರಿದ ಮೇಲೆ ಒಂದು ಸಂಜೆ, ಅಪ್ಪ ಅದಕ್ಕೆ ಎಣ್ಣೆ ಸವರುತ್ತ ಕೂತಿದ್ದಾಗ, ಅವರಿಗೆ ನಿಜ ಹೇಳಿಬಿಡಬೇಕು ಅನ್ನಿಸಿತು. ಅಷ್ಟು ವರ್ಷ ನಾನೂ ಹೇಳಿರಲಿಲ್ಲ. "ಅಪ್ಪಾ, ಆ ಆಟದಾಗ ಒಂದ ಕೈಗೆ ಹಾಕ್ಕೊಳ್ಳೂದು. ಜೋಡಿ ಅನ್ನೂದ ಇಲ್ಲ," ಎಂದೆ.

"ಗೊತ್ತೈತಿ," ಎಂದರು ಅಪ್ಪ, ಕೈ ನಿಲ್ಲಿಸದೆ. "ಆ ಸ್ವಾಮಾರ ಸಂಜೀಕ ಗೊತ್ತಾತು. ಎರಡೂ ಹಾಕ್ಕೊಂಡು ಚೆಂಡ ಉರುಳಸಾಕತ್ತಿದ್ರಲ್ಲ, ಅಷ್ಟೂ ತಿಳಿಯಂಗಿಲ್ಲೇನು ನನಗ?"

"ಮತ್ತ ಯಾಕ ಸುಮ್ಮನಿದ್ದಿ? ದಿನಾ ಹೆಂಗ ಐತ್ರಿ ಅಂತ ಬ್ಯಾರೆ ಕೇಳತಿದ್ದಿ!"

"ನನ್ನ ಮನಸು ನೋಯಬಾರದಂತ ಅವರು ದಿನಾ ಹಾಕ್ಕೊಳ್ತಿದ್ರು. ಅವರ ಮನಸು ನೋಯಬಾರದಂತ ನಾ ದಿನಾ ಕೇಳತಿದ್ದೆ." ಅಪ್ಪ ತೊಗಲಿನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಒಂದ ದಿನಾ ಹೇಳೇಬಿಡೂಣು ಅಂತ ಗೇಟಿನ ತನಕಾ ಬಂದಿದ್ದೆ. ಅಷ್ಟರಾಗ ಚೆಂಡ ನಿನ್ನ ಕಾಲಿಗೆ ಬಂತು ನೋಡು."

ಅಪ್ಪ ಹೋಗಿ ಬಹಳ ಕಾಲವಾಯಿತು. ಸಾಹೇಬರೂ ಇರಲಿಕ್ಕಿಲ್ಲ. ನಾನು ದಿನಾ ಬೆಳಗ್ಗೆ ಪೂಜೆಗೆ ಕೂತು ಎಡಗೈಯಲ್ಲಿ ಲಿಂಗಯ್ಯನನ್ನು ಇಟ್ಟುಕೊಂಡಾಗ ಅವರಿಬ್ಬರನ್ನೂ ಒಮ್ಮೆ ನೆನೆಯುತ್ತೇನೆ, ಸಾಹೇಬರ ಏಸುಸ್ವಾಮಿಗೂ ಒಂದು ಶರಣು ಹೇಳುತ್ತೇನೆ. ಬಲಗೈ ಇವತ್ತಿಗೂ ಸುಧಾರಿಸಿಲ್ಲ, ಏರಿಸಿದ ಹೂಗಳಲ್ಲಿ ಅರ್ಧ ಸೀರೆಯ ಮೇಲೆ ಬೀಳುತ್ತವೆ. ಹಿಡಿದುಕೊಂಡ ಕೈ ಮಾತ್ರ ಗಟ್ಟಿಯಾಗಿದೆ, ಲಿಂಗಯ್ಯ ಆರಾಮಾಗಿ ಕೂತಿರುತ್ತಾನೆ.